ಜಾಲದ ಬಾಗಿಲಲ್ಲಿ ಮುದ್ರೆಯುಂಗುರ

ಕಾಲೇಜಿನ ಪ್ರಯೋಗಾಲಯದ ಗೋಡೆಯಲ್ಲಿ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಚೌಕಾಕಾರದ ಚಿಕ್ಕ ಕಿಂಡಿಯೊಂದಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದಕ್ಕೆ ತಂತಿಯೊಂದನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಣಕಯಂತ್ರಕ್ಕೆ ಜೋಡಿಸಿದರೆ, ಆ ಯಂತ್ರವು ಕಾಲೇಜಿನ ಜಾಲವನ್ನೂ ಅದರ ಮೂಲಕ ಹೊರಗಿನ ಪ್ರಪಂಚವನ್ನೂ ಸೇರುತ್ತದೆ. ತಂತಿಯ ಮೇಲೆ ಹರಿಯುವುದು ವಿದ್ಯುತ್ತಿನ ಮಿಡಿತಗಳು ಮಾತ್ರ, ಮಿಡಿತಗಳಿಗೆ ಕುಲಗೋತ್ರಗಳಿಲ್ಲ. ಅವು ಬಿ.ಎಸ್‌ಸಿ. ವಿದ್ಯಾರ್ಥಿಯ ಯಂತ್ರದಿಂದ ಹೊರಟವೋ, ಪರೀಕ್ಷಾ ವಿಭಾಗದ ಗುಮಾಸ್ತನ ಯಂತ್ರದಿಂದ ಹೊರಟವೋ, ಅಥವಾ ಯಾರಿಗೂ ತಿಳಿಯದಂತೆ ಒಳಹೊಕ್ಕ ಅಪರಿಚಿತನ ಯಂತ್ರದಿಂದ ಹೊರಟವೋ ಎಂಬುದನ್ನು ಎಂಥ ಸೂಕ್ಷ್ಮವಾದ ಮಾಪಕದಿಂದಲೂ ಅಳೆದು ಹೇಳಲಾಗದು. ಆದರೂ ಅವರಲ್ಲಿ ಒಬ್ಬನನ್ನು ಒಳಗೆ ಬಿಡಬೇಕು, ಇನ್ನೊಬ್ಬನನ್ನು ತಡೆಯಬೇಕು. ಇದನ್ನು ನಿರ್ಣಯಿಸುವವರು ಯಾರು? ಆ ನಿರ್ಣಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಏನೂ ಅರಿಯದ ದ್ವಾರಪಾಲಕ

ಕಟ್ಟಡದ ಕಿಂಡಿಗಳಿಂದ ಹೊರಟ ತಂತಿಗಳೆಲ್ಲವೂ ಒಂದು ಲೋಹದ ಪೆಟ್ಟಿಗೆಯಲ್ಲಿ ಬಂದು ಕೂಡುತ್ತವೆ. ಈ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ದೀಪ ಹೊತ್ತಿಸುವ ಸ್ವಿಚ್ಚಿಗೂ ಇದಕ್ಕೂ ಹೆಸರಿನಲ್ಲಲ್ಲದೆ ಬೇರೆ ಹೋಲಿಕೆಯಿಲ್ಲ. ಒಂದು ಯಂತ್ರದಿಂದ ಬಂದ ಸಂದೇಶವನ್ನು ಅದು ತಲಪಬೇಕಾದ ಯಂತ್ರದ ತಂತಿಗೆ ದಾಟಿಸುವುದು ಇದರ ಕೆಲಸ. ಇದರ ಮುಖದ ಮೇಲೆ ಸಾಮಾನ್ಯವಾಗಿ ೨೪ ಅಥವಾ ೪೮ ಪೋರ್ಟುಗಳು, ಎಂದರೆ ತಂತಿ ಸಿಕ್ಕಿಸುವ ಬಾಗಿಲುಗಳು, ಇರುತ್ತವೆ. ಒಳಬರುವವರೆಲ್ಲರೂ ಈ ಬಾಗಿಲುಗಳನ್ನು ಹಾಯ್ದೇ ಬರಬೇಕಾದುದರಿಂದ, ದ್ವಾರಪಾಲಕನ ಕೆಲಸವನ್ನು ಸ್ವಿಚ್ಚಿಗೇ ಒಪ್ಪಿಸುವುದು ಸಹಜ.

ಆದರೆ ದ್ವಾರಪಾಲಕನಿಗೆ ಜನರ ಪರಿಚಯವಿರಬೇಕಷ್ಟೆ. ಒಂದು ದೊಡ್ಡ ಕಾಲೇಜಿನಲ್ಲಿ ೪೦ ಸ್ವಿಚ್ಚುಗಳೂ ೩,೦೦೦ ಮಂದಿಯೂ ಇರುವರೆಂದು ಭಾವಿಸಿಕೊಳ್ಳಿ. ಪ್ರತಿಯೊಂದು ಸ್ವಿಚ್ಚಿನಲ್ಲಿಯೂ ಎಲ್ಲರ ಹೆಸರನ್ನೂ ಪಾಸ್‌ವರ್ಡನ್ನೂ ಬರೆದಿಡುವುದಾದರೆ ಒಟ್ಟು ೧,೨೦,೦೦೦ ನಮೂದುಗಳಾಗುತ್ತವೆ. ಒಬ್ಬನು ಪಾಸ್‌ವರ್ಡ್ ಬದಲಿಸಿದರೆ ೪೦ ಕಡೆ ತಿದ್ದಬೇಕು. ಒಬ್ಬನು ಕಾಲೇಜು ಬಿಟ್ಟುಹೋದರೆ ೪೦ ಕಡೆ ಅಳಿಸಬೇಕು. ಮೂವತ್ತೊಂಬತ್ತು ಕಡೆ ಅಳಿಸಿ ಒಂದು ಕಡೆ ಮರೆತರೆ ಆ ಒಂದು ಬಾಗಿಲು ಅವನಿಗೆ ತೆರೆದೇ ಇರುತ್ತದೆ. ಅಲ್ಲದೆ, ನಡುಮನೆಯ ಮೂಲೆಯಲ್ಲಿಟ್ಟ ಒಂದು ಪೆಟ್ಟಿಗೆ ಕಳುವಾದರೆ ೩,೦೦೦ ಮಂದಿಯ ಗುಟ್ಟೂ ಅದರೊಡನೆ ಹೋಗುತ್ತದೆ.

ಆದ್ದರಿಂದ ಬೇರೊಂದು ಉಪಾಯವನ್ನು ಹೂಡಬೇಕಾಯಿತು. ದ್ವಾರಪಾಲಕನು ಯಾರನ್ನೂ ಅರಿಯದಿರಲಿ. ಅರಿತವರನ್ನು ಕೇಳುವುದನ್ನು ಮಾತ್ರ ಬಲ್ಲವನಾಗಿರಲಿ. ಹೆಸರುಗಳ ಪಟ್ಟಿ ಭದ್ರವಾದ ಒಂದು ಕೋಣೆಯಲ್ಲಿರುವ ಸರ್ವರ್ ಎಂಬ ಯಂತ್ರದಲ್ಲಿರಲಿ. ಸ್ವಿಚ್ಚುಗಳೆಲ್ಲವೂ ಅದನ್ನೇ ಪ್ರಶ್ನಿಸಿ, ಅದರ ಅಪ್ಪಣೆಯಂತೆ ನಡೆದುಕೊಳ್ಳಲಿ.

ಈ ಉಪಾಯ ಬಳಕೆಗೆ ಬಂದದ್ದು ಗಣಕಯಂತ್ರಗಳು ಟೆಲಿಫೋನ್ ತಂತಿಯ ಮೂಲಕ ಮಾತನಾಡುತ್ತಿದ್ದ ಕಾಲದಲ್ಲಿ. ಅಮೆರಿಕದ ಮಿಚಿಗನ್ ರಾಜ್ಯದ ವಿಶ್ವವಿದ್ಯಾಲಯಗಳು ೧೯೬೬ರಲ್ಲಿ ಸ್ಥಾಪಿಸಿದ ಮೆರಿಟ್ ಎಂಬ ಜಾಲಸಂಸ್ಥೆಗೆ, ಊರೂರುಗಳಿಂದ ಫೋನಿನ ಮೂಲಕ ಬರುವವರ ಗುರುತನ್ನು ಒಂದೇ ಕಡೆ ಪರೀಕ್ಷಿಸುವ ಅಗತ್ಯವುಂಟಾಯಿತು. ೧೯೯೧ರಲ್ಲಿ ಲಿವಿಂಗ್‌ಸ್ಟನ್ ಎಂಬ ಕಂಪನಿ ಅದಕ್ಕೆ ತಕ್ಕ ವಿಧಾನವೊಂದನ್ನು ರಚಿಸಿಕೊಟ್ಟಿತು. ಅದಕ್ಕೆ ರೇಡಿಯಸ್ ಎಂದು ಹೆಸರಾಯಿತು. ವೃತ್ತದ ತ್ರಿಜ್ಯಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ‘ರಿಮೋಟ್ ಅಥೆಂಟಿಕೇಷನ್ ಡಯಲ್ ಇನ್ ಯೂಸರ್ ಸರ್ವಿಸ್’ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳು ಕೂಡಿ ಈ ಪದವಾಗಿದೆ. ಇದರ ನಿಯಮಗಳು ೧೯೯೭ರಲ್ಲಿ ಎಲ್ಲರ ಬಳಕೆಗಾಗಿ ಪ್ರಕಟವಾಗಿ, ೨೦೦೦ದಲ್ಲಿ ಪರಿಷ್ಕೃತವಾದುವು. ಗೋಡೆಯ ಕಿಂಡಿಗೂ ಇಂಥದೇ ಕಾವಲನ್ನು ಹಾಕುವ ‘೮೦೨.೧ ಎಕ್ಸ್’ ಎಂಬ ನಿಯಮಾವಳಿ ೨೦೦೧ರಲ್ಲಿ ಹೊರಬಂದಿತು. ಟೆಲಿಫೋನ್ ಕರೆಗಳು ಮರೆಯಾದುವು, ರೇಡಿಯಸ್ ಉಳಿಯಿತು.

ಪ್ರಶ್ನೋತ್ತರದ ರೀತಿ

ವಿದ್ಯಾರ್ಥಿಯು ತಂತಿಯನ್ನು ಸಿಕ್ಕಿಸಿದೊಡನೆ ಸ್ವಿಚ್ಚು ಬಾಗಿಲನ್ನು ತೆರೆಯುವುದಿಲ್ಲ. ಗುರುತಿನ ಮಾತುಕತೆಯೊಂದನ್ನು ಬಿಟ್ಟು ಬೇರಾವ ಸಂದೇಶವೂ ದಾಟದಂತೆ ತಡೆದು, “ಯಾರು?” ಎಂದು ಕೇಳುತ್ತದೆ. ಬಂದ ಉತ್ತರ ಸರಿಯೋ ತಪ್ಪೋ ಎಂಬುದು ಅದಕ್ಕೆ ತಿಳಿಯದು. ಆ ಉತ್ತರವನ್ನು ರೇಡಿಯಸ್ ಲಕೋಟೆಯಲ್ಲಿಟ್ಟು ಸರ್ವರಿಗೆ ಕಳುಹಿಸುತ್ತದೆ.

ಈ ಲಕೋಟೆಯ ತಲೆಬರಹ ೨೦ ಬೈಟುಗಳಷ್ಟು ಉದ್ದವಾಗಿದೆ. ಮೊದಲನೆಯ ಬೈಟು ಸಂದೇಶದ ಜಾತಿಯನ್ನೂ, ಎರಡನೆಯದು ಅದರ ಕ್ರಮಾಂಕವನ್ನೂ, ಮುಂದಿನ ಎರಡು ಅದರ ಉದ್ದವನ್ನೂ ತಿಳಿಸುತ್ತವೆ. ಉಳಿದ ೧೬ ಬೈಟುಗಳು ಮುದ್ರೆಗೆ ಮೀಸಲು. ಜಾತಿಯ ಸಂಖ್ಯೆ ೧ ಆದರೆ ಅದು ಪ್ರವೇಶದ ಕೋರಿಕೆ. ೨ ಆದರೆ ಒಪ್ಪಿಗೆ. ೩ ಆದರೆ ನಿರಾಕರಣೆ. ೧೧ ಆದರೆ ಸರ್ವರು ಇನ್ನೊಂದು ಪ್ರಶ್ನೆಯನ್ನು ಕೇಳುತ್ತಿದೆಯೆಂದು ಅರ್ಥ. ಒಪ್ಪಿಗೆಯೊಡನೆ ಕೆಲವು ಅಪ್ಪಣೆಗಳೂ ಬರಬಹುದು: ಈತನನ್ನು ವಿದ್ಯಾರ್ಥಿಗಳ ವಿಭಾಗಕ್ಕೆ ಸೇರಿಸು, ಈಕೆಯನ್ನು ಕಚೇರಿಯ ವಿಭಾಗಕ್ಕೆ ಸೇರಿಸು, ಇತ್ಯಾದಿ. ತರುವಾಯ ಸ್ವಿಚ್ಚು ಬಂದುಹೋದ ಹೊತ್ತಿನ ಲೆಕ್ಕವನ್ನೂ ಸರ್ವರಿಗೆ ಒಪ್ಪಿಸುತ್ತದೆ. ಹೀಗೆ ಗುರುತಿನ ಪರೀಕ್ಷೆ, ಅಧಿಕಾರದ ನಿರ್ಣಯ, ಲೆಕ್ಕದ ದಾಖಲೆ ಎಂಬ ಮೂರು ಕೆಲಸಗಳೂ ಒಂದೇ ಏರ್ಪಾಟಿನಲ್ಲಿ ನಡೆಯುತ್ತವೆ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ೨ ಎಂಬುದನ್ನು ದ್ವಿಮಾನ ಪದ್ಧತಿಯಲ್ಲಿ ೧೦ ಎಂದೂ ೩ ಎಂಬುದನ್ನು ೧೧ ಎಂದೂ ಬರೆಯುತ್ತೇವೆ. “ಬಿಡು” ಎಂಬ ಮಾತಿನ ಸಂಖ್ಯೆಗೂ “ಬಿಡಬೇಡ” ಎಂಬ ಮಾತಿನ ಸಂಖ್ಯೆಗೂ ಇರುವ ಅಂತರ ಒಂದೇ ಒಂದು ಬಿಟ್!

ಸ್ವಿಚ್ಚಿಗೆ ಹೇಳಿಕೊಡಬೇಕಾದುದು

ಹೊಸ ಸ್ವಿಚ್ಚಿಗೆ ತನ್ನ ಸರ್ವರು ಎಲ್ಲಿದೆಯೆಂಬುದು ಹುಟ್ಟಿನಿಂದ ತಿಳಿದಿರುವುದಿಲ್ಲ. ಜಾಲದ ಮೇಲ್ವಿಚಾರಕನು ಅದಕ್ಕೆ ಕೆಲವು ಸಂಗತಿಗಳನ್ನು ಹೇಳಿಕೊಡಬೇಕು. ಮೊದಲನೆಯದು ಸರ್ವರಿನ ವಿಳಾಸ. ಎರಡನೆಯದು ಆ ವಿಳಾಸದಲ್ಲಿ ಯಾವ ಪೋರ್ಟ್ ಸಂಖ್ಯೆಯನ್ನು ತಟ್ಟಬೇಕೆಂಬುದು. ಇದು ಗೋಡೆಯ ಪೋರ್ಟಲ್ಲ; ಒಂದೇ ಮನೆಯೊಳಗಿನ ಕೋಣೆಯ ಸಂಖ್ಯೆಯಂತೆ ಎನ್ನಬಹುದು. ಗುರುತಿನ ಪರೀಕ್ಷೆಗೆ ೧೮೧೨, ಲೆಕ್ಕಕ್ಕೆ ೧೮೧೩ ಗೊತ್ತಾದ ಸಂಖ್ಯೆಗಳು. ಮೊದಮೊದಲು ೧೬೪೫, ೧೬೪೬ ಎಂಬ ಸಂಖ್ಯೆಗಳು ಬಳಕೆಯಲ್ಲಿದ್ದುವು. ಹಳೆಯ ಯಂತ್ರಕ್ಕೂ ಹೊಸ ಯಂತ್ರಕ್ಕೂ ಜೋಡಿಯಾದಾಗ ಒಂದು ಒಂದು ಕೋಣೆಯನ್ನು ತಟ್ಟುತ್ತಿದ್ದರೆ ಇನ್ನೊಂದು ಬೇರೆ ಕೋಣೆಯಲ್ಲಿ ಕಾಯುತ್ತಿರುವುದುಂಟು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದ ರಹಸ್ಯಪದ. ಇದು ವಿದ್ಯಾರ್ಥಿಗಳ ಪಾಸ್‌ವರ್ಡಲ್ಲ. ಸ್ವಿಚ್ಚಿಗೂ ಸರ್ವರಿಗೂ ಮಾತ್ರ ತಿಳಿದಿರಬೇಕಾದ ಗುಟ್ಟು. ಇದನ್ನು ಎರಡೂ ಕಡೆ ಅಕ್ಷರಶಃ ಒಂದೇ ರೀತಿ ಬರೆಯಬೇಕು. ಸರ್ವರಿನ ಕಡೆಯಲ್ಲಿಯೂ ಈ ಸ್ವಿಚ್ಚಿನ ವಿಳಾಸವನ್ನು ನಮೂದಿಸಿರಬೇಕು; ಏಕೆಂದರೆ ಅಪರಿಚಿತ ವಿಳಾಸದಿಂದ ಬಂದ ಪ್ರಶ್ನೆಗೆ ಸರ್ವರು ಉತ್ತರವನ್ನೇ ಕೊಡುವುದಿಲ್ಲ. ಒಂದು ಸ್ವಿಚ್ಚಿಗೆ ಹಲವು ವಿಳಾಸಗಳಿದ್ದರೆ, ಯಾವುದರಿಂದ ಪ್ರಶ್ನೆ ಹೊರಡಬೇಕೆಂಬುದನ್ನೂ ಗೊತ್ತುಮಾಡಬೇಕಾಗುತ್ತದೆ.

ರಹಸ್ಯಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಸ್ಥಳ ಹೆಚ್ಚಾಗಿ ಸೇರಿದರೆ ಏನಾಗುತ್ತದೆ? ೮೦೨.೧ ಎಕ್ಸ್ ಪದ್ಧತಿಯ ಕೋರಿಕೆಯಾದರೆ, ಮುದ್ರೆ ಹೊಂದುವುದಿಲ್ಲವೆಂದು ಸರ್ವರು ಅದನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಸ್ವಿಚ್ಚು ಉತ್ತರಕ್ಕಾಗಿ ಕಾದು ಕಾದು, ಸರ್ವರು ಸತ್ತಿದೆಯೆಂದು ಭಾವಿಸುತ್ತದೆ. ತಂತಿ ಚೆನ್ನಾಗಿದೆ, ಸರ್ವರು ಎಚ್ಚರವಾಗಿದೆ, ಆದರೂ ಬಾಗಿಲು ತೆರೆಯದು! ಇಂಥ ತೊಡಕಿನಲ್ಲಿ ಸ್ವಿಚ್ಚಿನ ಮುಂದೆ ಕುಳಿತು ಯೋಚಿಸುವುದಕ್ಕಿಂತ, ಸರ್ವರು ಬರೆದಿಟ್ಟ ದಿನಚರಿಯನ್ನು ಓದುವುದು ಲೇಸು.

ಉತ್ತರ ಬಾರದಿದ್ದರೆ?

ರೇಡಿಯಸ್ ಲಕೋಟೆಗಳು ಮೂಲಪದ್ಧತಿಯಲ್ಲಿ ರಿಜಿಸ್ಟರ್ ಮಾಡದ ಕಾಗದದಂತೆ ಹೋಗುತ್ತವೆ. ತಲಪಿತೆಂಬ ರಶೀದಿ ಬರುವುದಿಲ್ಲ. ಆದ್ದರಿಂದ ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಮತ್ತೆ ಕೇಳಬೇಕು ಎಂಬುದನ್ನೂ ಸ್ವಿಚ್ಚಿಗೆ ತಿಳಿಸಬೇಕು. ೫ ಸೆಕೆಂಡು ಕಾದು, ಮತ್ತೆ ೩ ಸಲ ಕೇಳೆಂದು ವಿಧಿಸಿದರೆ, ಒಟ್ಟು ೪ ಪ್ರಯತ್ನಗಳಿಗೆ ೨೦ ಸೆಕೆಂಡು ಹಿಡಿಯುತ್ತದೆ. ಬಳಿಕ ಸ್ವಿಚ್ಚು ಎರಡನೆಯ ಸರ್ವರನ್ನು ಕೇಳುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಹೀಗೆ ೨೦ ಸೆಕೆಂಡು ಕಾಯುವುದನ್ನು ತಪ್ಪಿಸಲು, ಉತ್ತರ ಕೊಡದ ಸರ್ವರನ್ನು ಕೆಲವು ನಿಮಿಷ ಸತ್ತಂತೆಯೇ ಎಣಿಸಿ ನೇರವಾಗಿ ಎರಡನೆಯದನ್ನು ಕೇಳುವಂತೆಯೂ ಏರ್ಪಡಿಸಬಹುದು.

ಎರಡೂ ಮೌನವಾಗಿದ್ದರೆ? ಇಲ್ಲಿ ಯಂತ್ರದ ಕೆಲಸ ಮುಗಿದು ಮನುಷ್ಯನ ವಿವೇಕದ ಕೆಲಸ ಆರಂಭವಾಗುತ್ತದೆ. ಆಸ್ಪತ್ರೆಯ ತುರ್ತುಚಿಕಿತ್ಸೆಯ ಕೋಣೆಯಲ್ಲಾದರೆ ಕಾವಲು ಸ್ವಲ್ಪ ಸಡಿಲವಾದರೂ ಬಾಗಿಲು ತೆರೆದಿರುವುದೇ ಮೇಲು. ಪ್ರಶ್ನೆಪತ್ರಿಕೆಗಳಿರುವ ವಿಭಾಗದಲ್ಲಾದರೆ ಕೆಲಸ ನಿಂತರೂ ಮುಚ್ಚಿರುವುದೇ ಮೇಲು. ಇನ್ನು, ಸ್ವಿಚ್ಚನ್ನು ದುರಸ್ತಿಮಾಡಬೇಕಾದ ಮೇಲ್ವಿಚಾರಕನೂ ಇದೇ ಸರ್ವರಿನ ಅಪ್ಪಣೆಯಿಂದಲೇ ಒಳಗೆ ಬರಬೇಕಾದರೆ, ಸರ್ವರು ಕೆಟ್ಟ ದಿನ ಅವನೂ ಹೊರಗುಳಿಯುತ್ತಾನೆ. ಅದಕ್ಕಾಗಿ ಸ್ವಿಚ್ಚಿನೊಳಗೇ ಆಪತ್ಕಾಲಕ್ಕೆಂದು ಒಂದು ಹೆಸರನ್ನೂ ಬಲವಾದ ಪಾಸ್‌ವರ್ಡನ್ನೂ ಇಟ್ಟಿರುವುದು ವಾಡಿಕೆ. ಆದರೆ ಇದನ್ನು ಸರ್ವರಿನಿಂದ ಉತ್ತರವೇ ಬಾರದಿದ್ದಾಗ ಮಾತ್ರ ಒಪ್ಪಬೇಕು. “ಬಿಡಬೇಡ” ಎಂಬುದೂ ಉತ್ತರವೇ. ನಿರಾಕರಣೆಯನ್ನು ಮೌನವೆಂದು ಎಣಿಸಿ ಇನ್ನೊಂದು ಬಾಗಿಲನ್ನು ತೆರೆಯುವ ಏರ್ಪಾಟು ಕಾವಲೇ ಅಲ್ಲ.

ದೂರದೇಶದ ಸಾಕ್ಷಿ

ಕೇಳಿ ತಿಳಿಯುವ ಈ ವಿಧಾನದ ದೊಡ್ಡ ಗುಣವೆಂದರೆ, ಪ್ರಶ್ನೆ ಎಷ್ಟು ದೂರ ಬೇಕಾದರೂ ಹೋಗಬಲ್ಲುದು. ೨೦೦೨ರಲ್ಲಿ ನೆದರ್ಲೆಂಡ್ಸಿನ ಕ್ಲಾಸ್ ವೀರೆಂಗಾ ಎಂಬುವರ ಸೂಚನೆಯಿಂದ ಆರಂಭವಾದ ಎಡುರೋಮ್ ಎಂಬ ವ್ಯವಸ್ಥೆ ಇದಕ್ಕೆ ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಯೊಬ್ಬಳು ಯೂರೋಪಿನ ವಿಶ್ವವಿದ್ಯಾಲಯವೊಂದರಲ್ಲಿ ತನ್ನ ಯಂತ್ರವನ್ನು ತೆರೆದಳೆನ್ನೋಣ. ಅಲ್ಲಿನ ದ್ವಾರಪಾಲಕ ಯಂತ್ರ ಆಕೆಯ ಹೆಸರಿನ ಕೊನೆಯಲ್ಲಿರುವ ಸಂಸ್ಥೆಯ ಗುರುತನ್ನು ನೋಡಿ, ಪ್ರಶ್ನೆಯನ್ನು ತನ್ನ ದೇಶದ ಸರ್ವರಿಗೆ ಒಪ್ಪಿಸುತ್ತದೆ. ಅಲ್ಲಿಂದ ಅದು ಮೇಲಿನ ಸರ್ವರಿಗೂ, ಅಲ್ಲಿಂದ ಭಾರತದಲ್ಲಿ ಈ ವ್ಯವಸ್ಥೆಯನ್ನು ನಡೆಸುವ ಎರ್ನೆಟ್ ಸಂಸ್ಥೆಯ ಸರ್ವರಿಗೂ, ಕೊನೆಗೆ ಬೆಂಗಳೂರಿಗೂ ಬಂದು, ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಆಕೆಯ ಪಾಸ್‌ವರ್ಡನ್ನು ನಡುವಿನ ಯಾವ ಸರ್ವರೂ ಓದಲಾಗದಂತೆ ಮುಚ್ಚಿ ಕಳುಹಿಸಲಾಗುತ್ತದೆ.

ಹೀಗೆ ಪ್ರಶ್ನೆಯನ್ನು ದಾಟಿಸುವ ಸರ್ವರು ತನ್ನ ನೆನಪಿಗಾಗಿ ಲಕೋಟೆಯೊಳಗೆ ಒಂದು ಚೀಟಿಯನ್ನು ಸೇರಿಸಬಹುದು. ಉತ್ತರ ಕೊಡುವ ಸರ್ವರು ಆ ಚೀಟಿಯಲ್ಲೇನಿದೆಯೆಂದು ವಿಚಾರಿಸದೆ, ಅದನ್ನು ಇದ್ದಂತೆಯೇ ಉತ್ತರದೊಡನೆ ಹಿಂದಿರುಗಿಸಬೇಕೆಂಬುದು ನಿಯಮ. ನಿರಪಾಯವೆಂದು ತೋರುವ ಈ ಚೀಟಿಯ ಕಥೆ ಮುಂದೆ ಬರುತ್ತದೆ.

ಮುದ್ರೆಯ ಗಣಿತ

ಲಂಕೆಯಲ್ಲಿ ಸೀತೆಯು ಹನುಮಂತನನ್ನು ನಂಬಿದ್ದು ಅವನು ತೋರಿಸಿದ ಮುದ್ರೆಯುಂಗುರದಿಂದ. ಉಂಗುರವು ದೂತನು ಯಾರ ಕಡೆಯವನೆಂಬುದನ್ನು ತಿಳಿಸುತ್ತದೆ. ಆದರೆ ಅವನು ಹೇಳಿದ ಮಾತು ದಾರಿಯಲ್ಲಿ ಬದಲಾಗಿಲ್ಲವೆಂಬುದನ್ನು ತಿಳಿಸಲಾರದು. ಯಂತ್ರಗಳಿಗೆ ಎರಡೂ ತಿಳಿಯಬೇಕು. ಅದಕ್ಕಾಗಿ ಮುದ್ರೆಯನ್ನು ಮಾತಿನಿಂದಲೇ ಹುಟ್ಟಿಸುವ ಉಪಾಯವುಂಟು.

ಸರ್ವರು ತನ್ನ ಉತ್ತರದ ಜಾತಿ, ಕ್ರಮಾಂಕ, ಉದ್ದ, ಪ್ರಶ್ನೆಯಲ್ಲಿ ಬಂದಿದ್ದ ೧೬ ಬೈಟಿನ ಸಂಖ್ಯೆ, ಉತ್ತರದ ಒಕ್ಕಣೆ, ಕಟ್ಟಕಡೆಗೆ ರಹಸ್ಯಪದ, ಇವಿಷ್ಟನ್ನೂ ಸಾಲಾಗಿ ಜೋಡಿಸಿ, ಎಂಡಿ-೫ ಎಂಬ ಗಣನಕ್ರಮಕ್ಕೆ ಒಪ್ಪಿಸುತ್ತದೆ. ಅಮೆರಿಕದ ರೊನಾಲ್ಡ್ ರಿವೆಸ್ಟ್ ೧೯೯೧ರಲ್ಲಿ ರಚಿಸಿದ ಈ ಕ್ರಮವು ಎಷ್ಟು ಉದ್ದದ ಸಂದೇಶವನ್ನಾದರೂ ಅರೆದು ೧೨೮ ಬಿಟ್‌ಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದೇ ಮುದ್ರೆ. ಸ್ವಿಚ್ಚಿಗೂ ರಹಸ್ಯಪದ ಗೊತ್ತಿರುವುದರಿಂದ ಅದು ತಾನೂ ಲೆಕ್ಕಮಾಡಿ ತಾಳೆನೋಡುತ್ತದೆ. ನಡುವೆ ಯಾರಾದರೂ ೩ನ್ನು ೨ ಎಂದು ತಿದ್ದಿದರೆ ಮುದ್ರೆ ಪೂರ್ತಿಯಾಗಿ ಬದಲಾಗಿ ಕಳ್ಳತನ ಬಯಲಾಗಬೇಕು.

ಬೇರೆ ಬೇರೆ ಎರಡು ಸಂದೇಶಗಳಿಗೆ ಒಂದೇ ಮುದ್ರೆ ಬರಲಾರದೇ? ಬರಬಲ್ಲುದು. ೨೩ ಮಂದಿ ಕೂಡಿದಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚೆಂಬುದನ್ನು ಗಣಿತದ ವಿದ್ಯಾರ್ಥಿಗಳು ಬಲ್ಲರು. ಅದೇ ನ್ಯಾಯದಂತೆ, ೧೨೮ ಬಿಟ್‌ಗಳ ಮುದ್ರೆಯಲ್ಲಿ ಸುಮಾರು ೨ರ ೬೪ನೆಯ ಘಾತದಷ್ಟು ಸಂದೇಶಗಳನ್ನು ಪರೀಕ್ಷಿಸಿದರೆ ಒಂದು ಜೋಡಿ ಸಿಕ್ಕೀತು. ಆ ಸಂಖ್ಯೆ ಸುಮಾರು ೧ ಲಕ್ಷ ೮೪ ಸಾವಿರ ಕೋಟಿ ಕೋಟಿ. ಇಷ್ಟು ದೂರದ ಭಯಕ್ಕೆ ಯಾರೂ ನಿದ್ರೆಗೆಡುವುದಿಲ್ಲ.

ಆದರೆ ೨೦೦೪ರಲ್ಲಿ ಚೀನದ ವಿದುಷಿ ಷಿಯಾವ್‌ಯುನ್ ವಾಂಗ್ ಮತ್ತು ಅವರ ಸಹೋದ್ಯೋಗಿಗಳು ಎಂಡಿ-೫ರ ಒಳರಚನೆಯ ದೌರ್ಬಲ್ಯವನ್ನು ಹಿಡಿದು, ಒಂದೇ ಮುದ್ರೆಯುಳ್ಳ ಸಂದೇಶಗಳನ್ನು ರಚಿಸಿಯೇ ತೋರಿಸಿದರು. ೨೦೦೯ರಲ್ಲಿ ಮಾರ್ಕ್ ಸ್ಟೀವನ್ಸ್ ಮತ್ತು ಅವರ ಸಂಗಡಿಗರು, ತಾವೇ ಆರಿಸಿದ ಎರಡು ಭಿನ್ನ ಪೀಠಿಕೆಗಳ ಮುಂದೆ ತಕ್ಕ ಅಕ್ಷರಗಳನ್ನು ಸೇರಿಸಿ ಎರಡಕ್ಕೂ ಒಂದೇ ಮುದ್ರೆ ಬರುವಂತೆ ಮಾಡಲು, ೨ರ ೩೯ನೆಯ ಘಾತದಷ್ಟು, ಎಂದರೆ ಸುಮಾರು ೫೫,೦೦೦ ಕೋಟಿ ಗಣನೆಗಳು ಸಾಕೆಂದು ತೋರಿಸಿದರು. ಇಂದಿನ ಯಂತ್ರಗಳಿಗೆ ಇದು ದೊಡ್ಡ ಮೊತ್ತವಲ್ಲ.

ಒಡೆದ ಮುದ್ರೆ

ಆದರೂ ರೇಡಿಯಸ್‌ಗೆ ಇದರಿಂದ ಕೇಡಿಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಏಕೆಂದರೆ ಮುದ್ರೆಯೊಳಗೆ ಕಳ್ಳನಿಗೆ ತಿಳಿಯದ ರಹಸ್ಯಪದವೂ ಸೇರಿದೆ. ೨೦೨೪ರ ಜುಲೈ ತಿಂಗಳಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸಿನ ಸಂಶೋಧಕರ ತಂಡವೊಂದು ಈ ನಂಬಿಕೆಯನ್ನು ಕೆಡವಿತು. ಮಾರ್ಕ್ ಸ್ಟೀವನ್ಸರೂ ನಾಡಿಯಾ ಹೆನಿಂಗರರೂ ಷರನ್ ಗೋಲ್ಡ್‌ಬರ್ಗರೂ ಆ ತಂಡದಲ್ಲಿದ್ದರು. ಅವರು ಈ ದೋಷಕ್ಕೆ ಬ್ಲಾಸ್ಟ್-ರೇಡಿಯಸ್ ಎಂದು ಹೆಸರಿಟ್ಟರು.

ಅದರ ತಿರುಳು ಹೀಗಿದೆ. ಸ್ವಿಚ್ಚಿಗೂ ಸರ್ವರಿಗೂ ನಡುವಿನ ದಾರಿಯಲ್ಲಿ ಕಳ್ಳನೊಬ್ಬನು ಹೊಂಚುಹಾಕಿದ್ದಾನೆ. ಅವನು ಸುಳ್ಳು ಪಾಸ್‌ವರ್ಡನ್ನು ಕೊಟ್ಟು ಪ್ರವೇಶವನ್ನು ಕೋರುತ್ತಾನೆ. ಬರಲಿರುವ ನಿರಾಕರಣೆಯ ಒಕ್ಕಣೆಯನ್ನು ಅವನು ಮೊದಲೇ ಊಹಿಸಬಲ್ಲ. ತನಗೆ ಬೇಕಾದ ಒಪ್ಪಿಗೆಯ ಒಕ್ಕಣೆಯನ್ನಂತೂ ತಾನೇ ಬರೆಯಬಲ್ಲ. ಈ ಎರಡೂ ಪೀಠಿಕೆಗಳಿಗೆ ಒಂದೇ ಎಂಡಿ-೫ ಫಲ ಬರುವಂಥ ಅಕ್ಷರಗಳನ್ನು ಲೆಕ್ಕಹಾಕಿ, ನಿರಾಕರಣೆಯ ಪಾಲಿನ ಅಕ್ಷರಗಳನ್ನು ಮೇಲೆ ಹೇಳಿದ ಚೀಟಿಯಲ್ಲಿಟ್ಟು ಕೋರಿಕೆಯೊಡನೆ ಕಳುಹಿಸುತ್ತಾನೆ. ಸರ್ವರು ನಿಯಮದಂತೆ ಚೀಟಿಯನ್ನು ನಿರಾಕರಣೆಯೊಳಗೆ ಸೇರಿಸಿ, ಕೊನೆಯಲ್ಲಿ ರಹಸ್ಯಪದವನ್ನು ಕೂಡಿಸಿ ಮುದ್ರೆಯೊತ್ತುತ್ತದೆ. ಎಂಡಿ-೫ ಸಂದೇಶವನ್ನು ಆರಂಭದಿಂದ ಕ್ರಮವಾಗಿ ಅರೆಯುತ್ತ ಹೋಗುವುದರಿಂದ, ಅಲ್ಲಿಯವರೆಗೆ ಸಮವಾಗಿದ್ದ ಎರಡು ಗಣನೆಗಳಿಗೆ ಮುಂದೆ ಒಂದೇ ರಹಸ್ಯಪದ ಸೇರಿದರೆ ಕೊನೆಯ ಫಲವೂ ಒಂದೇ ಆಗುತ್ತದೆ. ಕಳ್ಳನು ಆ ಮುದ್ರೆಯನ್ನು ಕಿತ್ತು ತನ್ನ ಒಪ್ಪಿಗೆಪತ್ರಕ್ಕೆ ಅಂಟಿಸುತ್ತಾನೆ. ಸ್ವಿಚ್ಚು ತಾಳೆನೋಡುತ್ತದೆ, ಸರಿಹೊಂದುತ್ತದೆ, ಬಾಗಿಲು ತೆರೆಯುತ್ತದೆ. ರಹಸ್ಯಪದ ಕೊನೆಯವರೆಗೂ ರಹಸ್ಯವಾಗಿಯೇ ಉಳಿಯಿತು. ಆದರೆ ಅದರಿಂದ ಪ್ರಯೋಜನವಾಗಲಿಲ್ಲ!

ಸಂಶೋಧಕರು ಈ ಗಣನೆಯ ಅವಧಿಯನ್ನು ಕೆಲವೇ ನಿಮಿಷಗಳಿಗೆ ಇಳಿಸಿದರು. ಸ್ವಿಚ್ಚುಗಳು ಸಾಮಾನ್ಯವಾಗಿ ಕಾಯುವುದು ಅದಕ್ಕಿಂತ ಕಡಿಮೆ ಹೊತ್ತು. ಆದರೆ ಹೆಚ್ಚು ಯಂತ್ರಗಳನ್ನು ತೊಡಗಿಸುವ ಶಕ್ತಿಯುಳ್ಳವನಿಗೆ ಆ ಅಂತರ ದೊಡ್ಡದೇನಲ್ಲ. ಒಳಗೆ ಬಂದವನು ಬರಿಯ ವಿದ್ಯಾರ್ಥಿಯ ವೇಷದಲ್ಲಿ ಬರಬೇಕಾಗಿಲ್ಲ. ಮೇಲ್ವಿಚಾರಕನ ಅಧಿಕಾರವನ್ನೂ ಆ ಸುಳ್ಳು ಒಪ್ಪಿಗೆಯಲ್ಲಿ ಬರೆದುಕೊಳ್ಳಬಹುದು. ಆಗ ಒಂದು ಬಾಗಿಲಲ್ಲ, ಬಾಗಿಲು ಕಾಯುವವನೇ ಅವನ ವಶವಾಗುತ್ತಾನೆ.

ಪರಿಹಾರವೇನು?

ಅದೃಷ್ಟವಶಾತ್ ಪರಿಹಾರ ಕಠಿಣವಲ್ಲ. ರೇಡಿಯಸ್‌ನಲ್ಲಿ ಮೆಸೇಜ್ ಅಥೆಂಟಿಕೇಟರ್ ಎಂಬ ಇನ್ನೊಂದು ಮುದ್ರೆಯುಂಟು. ಇದರಲ್ಲಿಯೂ ಎಂಡಿ-೫ರ ಬಳಕೆಯೇ ಇದ್ದರೂ, ರಹಸ್ಯಪದವನ್ನು ಕೊನೆಯಲ್ಲಷ್ಟೇ ಅಂಟಿಸದೆ ಗಣನೆಯ ಆರಂಭದಲ್ಲಿಯೇ ಬೆರೆಸಿ, ಎರಡು ಸಲ ಅರೆಯಲಾಗುತ್ತದೆ. ಆರಂಭವೇ ತಿಳಿಯದವನು ಎರಡು ಸಮಾನ ಗಣನೆಗಳನ್ನು ಮೊದಲೇ ಸಿದ್ಧಪಡಿಸಲಾರ. ೮೦೨.೧ ಎಕ್ಸ್ ಪದ್ಧತಿಯಲ್ಲಿ ಈ ಮುದ್ರೆ ಮೊದಲಿನಿಂದಲೂ ಕಡ್ಡಾಯವಾದುದರಿಂದ ಗೋಡೆಯ ಕಿಂಡಿಗೂ ಎಡುರೋಮಿಗೂ ಈ ಅಪಾಯ ತಟ್ಟಲಿಲ್ಲ. ತಟ್ಟಿದ್ದು ಹಳೆಯ ರೀತಿಯ ಸರಳ ಪಾಸ್‌ವರ್ಡ್ ಪರೀಕ್ಷೆಗೆ. ಸ್ವಿಚ್ಚಿನ ಮೇಲ್ವಿಚಾರಕರು ಒಳಬರುವ ದಾರಿ ಅನೇಕ ಕಡೆ ಅಂಥದೇ.

ಆದ್ದರಿಂದ ಸ್ವಿಚ್ಚನ್ನೂ ಸರ್ವರನ್ನೂ ಹೊಸ ತಂತ್ರಾಂಶದಿಂದ ತಿದ್ದಿ, ಈ ಎರಡನೆಯ ಮುದ್ರೆಯಿಲ್ಲದ ಲಕೋಟೆಯನ್ನು ಎರಡೂ ಕಡೆ ತಿರಸ್ಕರಿಸುವಂತೆ ವಿಧಿಸಬೇಕು. ಒಂದು ಕಡೆ ಮಾತ್ರ ವಿಧಿಸಿದರೆ ಕಾವಲು ಅರ್ಧವಾಗುತ್ತದೆ. ಸ್ವಿಚ್ಚು-ಸರ್ವರುಗಳ ಮಾತುಕತೆ ಸಾಮಾನ್ಯರ ಸಂದೇಶಗಳು ಓಡಾಡುವ ದಾರಿಯಲ್ಲಿ ಹೋಗದೆ ಪ್ರತ್ಯೇಕ ದಾರಿಯಲ್ಲಿ ಹೋಗುವಂತೆ ಮಾಡುವುದೂ ಒಳ್ಳೆಯದು. ಇದಕ್ಕಿಂತಲೂ ಉತ್ತಮವಾದುದು ಇಡೀ ಲಕೋಟೆಯನ್ನೇ ಗೂಢಲಿಪಿಯ ಕೊಳವೆಯೊಳಗೆ ಕಳುಹಿಸುವ ರಾಡ್‌ಸೆಕ್ ಎಂಬ ವಿಧಾನ. ಅದರ ನಿಯಮಗಳು ೨೦೧೨ರಲ್ಲಿಯೇ ಪ್ರಕಟವಾಗಿವೆ. ಇಂಥ ಬದಲಾವಣೆಗಳನ್ನು ಮಾಡುವಾಗ, ಹೊಸ ದಾರಿಯನ್ನು ಪರೀಕ್ಷಿಸಿ ನೋಡುವವರೆಗೆ ಈಗಾಗಲೇ ಒಳಗಿರುವ ದಾರಿಯನ್ನು ಮುಚ್ಚಬಾರದೆಂಬುದು ಮೇಲ್ವಿಚಾರಕರು ಪಾಲಿಸಬೇಕಾದ ಎಚ್ಚರಿಕೆ.

ಎಂಡಿ-೫ ದುರ್ಬಲವೆಂಬುದು ತಿಳಿದಿದ್ದರೂ ಇಪ್ಪತ್ತು ವರ್ಷ ಅದೇ ಮುದ್ರೆಯಿಂದ ಬಾಗಿಲುಗಳು ತೆರೆಯುತ್ತಿದ್ದುವು. ಕೆಲಸ ನಡೆಯುತ್ತಿದೆಯಲ್ಲ ಎಂಬುದೇ ಅದನ್ನು ನಂಬಲು ಕಾರಣವಾಗಿತ್ತು. ಕೆಲಸ ನಡೆಯುವುದು ಬೇರೆ, ನಂಬಿಕೆಗೆ ಆಧಾರವಿರುವುದು ಬೇರೆ. ಇಂದು ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ಹಲವರು ನಾಳೆ ಇಂಥ ಪೆಟ್ಟಿಗೆಗಳ ಮೇಲ್ವಿಚಾರಕರಾಗುವರು. ವಿಳಾಸ, ಪೋರ್ಟ್ ಸಂಖ್ಯೆ, ರಹಸ್ಯಪದ ಎಂದು ನಾಲ್ಕಾರು ಸಾಲುಗಳನ್ನು ಬರೆದು, ಬಾಗಿಲು ತೆರೆದುದನ್ನು ಕಂಡು ಎದ್ದುಹೋಗುವುದು ಸುಲಭ. ಸರ್ವರಿನ ತಂತಿಯನ್ನು ಒಮ್ಮೆ ಕಿತ್ತು, ಪಾಸ್‌ವರ್ಡನ್ನು ಒಮ್ಮೆ ತಪ್ಪಾಗಿ ಕೊಟ್ಟು, ಮುದ್ರೆಯಿಲ್ಲದ ಲಕೋಟೆಯನ್ನು ಒಮ್ಮೆ ಕಳುಹಿಸಿ, ಆ ಮೂರು ಸಲವೂ ಬಾಗಿಲು ಏನು ಮಾಡಿತೆಂಬುದನ್ನು ನೋಡಿದ ಮೇಲೆ ಏಳುವುದೇ ಸರಿಯಾದ ಪ್ರಯೋಗ.